ಆಟದ ಪಾಠಾಂತರಗಳು

ಗ್ರಂಥಸಂಪಾದನಾಶಾಸ್ತ್ರವನ್ನು ಬಹಳ ವರ್ಷ ಎಂ.ಎ. ತರಗತಿಗಳಿಗೆ ಬೋಧಿಸಿದವನು ನಾನು. ಮೂಲಪಾಠ ಯಾವುದು, ಪ್ರಕ್ಷೇಪ ಯಾವುದು, ಲಿಪಿಕಾರನ ಕೈತಪ್ಪು ಯಾವುದು ಎಂಬ ಜಿಜ್ಞಾಸೆಯಲ್ಲಿ ಆಯುಸ್ಸಿನ ಒಳ್ಳೆಯ ಭಾಗವನ್ನು ಕಳೆದಿದ್ದೇನೆ. ನಿವೃತ್ತನಾದ ಮೇಲೆ ಅದೇ ಜಿಜ್ಞಾಸೆಯನ್ನು ಹದಿನಾಲ್ಕು ವರ್ಷದ ಮಕ್ಕಳ ಬಾಯಿಂದ, ಅದೂ ಅಮೆರಿಕದ ಮಿನ್ನೆಸೋಟ ರಾಜ್ಯದ ಒಂದು ಮನೆಯ ನೆಲಮಾಳಿಗೆಯಲ್ಲಿ ಕುಳಿತು ಕೇಳಬೇಕಾದೀತೆಂದು ಮಾತ್ರ ಎಣಿಸಿರಲಿಲ್ಲ. ಆ ಮಕ್ಕಳು ವಾದಿಸುತ್ತಿದ್ದುದು ಪಂಪನನ್ನು ಕುರಿತಲ್ಲ, ರನ್ನನನ್ನು ಕುರಿತೂ ಅಲ್ಲ. ಒಂದು ಆಟದ ಹೊಸ ಆವೃತ್ತಿಯನ್ನು ಕುರಿತು. ಅದು 2024ರ ಆಗಸ್ಟ್ ತಿಂಗಳು. ನಾನು ಮಗಳ ಮನೆಗೆ ಹೋಗಿದ್ದೆ. ಪ್ರತಿ ಶನಿವಾರ ಮಧ್ಯಾಹ್ನ ಮೊಮ್ಮಗನ ಗೆಳೆಯರು ಬಂದು ಸೇರುತ್ತಿದ್ದರು. ಮೂಲೆಯ ಕುರ್ಚಿಯಲ್ಲಿ ಪುಸ್ತಕ ಹಿಡಿದು ಕುಳಿತ ನಾನು ಪುಸ್ತಕವನ್ನು ಓದುತ್ತಿರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ನೆಲದಡಿಯ ಸೆರೆಮನೆಗಳು ಮತ್ತು ಘಟಸರ್ಪಗಳು ಎಂದು ಸ್ಥೂಲವಾಗಿ ಅರ್ಥ ಹೇಳಬಹುದು. ಆಡುವ ಕ್ರಮ ಹೀಗೆ. ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತುಕೊಳ್ಳುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾತ್ರ: ಒಬ್ಬ ಕತ್ತಿವರಸೆಯ ವೀರ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ, ಒಬ್ಬಳು ಸಂನ್ಯಾಸಿನಿ. ಇವರೆಲ್ಲರಿಗೂ ಮೇಲಾಗಿ ಒಬ್ಬ ಸೂತ್ರಧಾರ. ಅವನಿಗೆ ‘ಡಂಜನ್ ಮಾಸ್ಟರ್’ ಎಂದು ಹೆಸರು. ‘ನಿಮ್ಮ ಮುಂದೆ ಹಳೆಯ ಸೇತುವೆ, ಅದರಾಚೆ ದೀಪ ಉರಿಯುತ್ತಿರುವ ಒಂದು ಗೋಪುರ, ಏನು ಮಾಡುತ್ತೀರಿ?’ ಎಂದು ಅವನು ಕೇಳುತ್ತಾನೆ. ಆಟಗಾರರು ತಮ್ಮ ತಮ್ಮ ಪಾತ್ರದ ಬಾಯಿಂದ ಉತ್ತರ ಕೊಡುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತು. ಮಲೆನಾಡಿನ ಮಳೆಗಾಲದ ರಾತ್ರಿಗಳಲ್ಲಿ ತಾಳಮದ್ದಳೆ ಕೇಳಿ ಬೆಳೆದ ನನಗೆ ಇದರಲ್ಲಿ ಅಪರಿಚಿತವಾದದ್ದು ಅಷ್ಟೇನೂ ಕಾಣಲಿಲ್ಲ. ಒಂದೇ ವ್ಯತ್ಯಾಸ, ಆದರೆ ದೊಡ್ಡ ವ್ಯತ್ಯಾಸ. ಅರ್ಥಧಾರಿ ಎಷ್ಟೇ ಸಮರ್ಥನಾಗಿರಲಿ, ಕರ್ಣಪರ್ವದ ಕೊನೆಗೆ ಕರ್ಣ ಸಾಯಲೇಬೇಕು. ಇಲ್ಲಿ ಸಾಯುವನೋ ಉಳಿಯುವನೋ ಎಂಬುದು ಇಪ್ಪತ್ತು ಮುಖದ ಒಂದು ದಾಳದ ಮೇಲೆ ನಿಂತಿದೆ. ದಾಳ ಬಿದ್ದ ಮೇಲೆ ಆದದ್ದೇ ಕಥೆ.

ಈ ಕಥೆ ಒಂದು ದಿನಕ್ಕೆ ಮುಗಿಯುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೆಳೆಯುತ್ತದೆ. ಒಬ್ಬೊಬ್ಬ ಆಟಗಾರನಿಗೂ ತನ್ನ ಪಾತ್ರದ ಜಾತಕದಂತಹ ಒಂದು ಹಾಳೆ ಇರುತ್ತದೆ. ಬಲ ಎಷ್ಟು, ಬುದ್ಧಿ ಎಷ್ಟು, ಯಾವ ಮಂತ್ರಗಳು ಸಿದ್ಧಿಸಿವೆ, ಕವಚದ ಅಂಕ ಎಷ್ಟು ಎಂಬುದೆಲ್ಲ ಅದರಲ್ಲಿ. ಈ ಅಂಕಗಳಿಗೆ ಅರ್ಥ ಕೊಡುವುವು ನಿಯಮಗ್ರಂಥಗಳು. ಆ ಗ್ರಂಥಗಳ ಹೊಸ ಆವೃತ್ತಿ ಕೆಲವು ವರ್ಷಗಳಿಗೊಮ್ಮೆ ಬರುತ್ತದೆ. ಬಂದಾಗಲೆಲ್ಲ ಜಗಳವೂ ಬರುತ್ತದೆ. ಹಾಗಾದರೆ ಆಟಗಾರರಿಗೆ ಹೊಸ ಆವೃತ್ತಿಯಿಂದ ಬೇಕಾದದ್ದಾದರೂ ಏನು?

ಕೇಳಿದರೆ ಪ್ರತಿಯೊಬ್ಬರೂ ‘ನಿಯಮಗಳು ಸರಳವಾಗಬೇಕು’ ಎನ್ನುತ್ತಾರೆ. ಆ ಉತ್ತರವನ್ನು ನಾನು ಪೂರ್ತಿ ನಂಬುವುದಿಲ್ಲ. ನಂಬದಿರುವುದಕ್ಕೆ ಈ ಆಟದ ಚರಿತ್ರೆಯೇ ಕಾರಣ.

ಆಟ ಅಚ್ಚಾದದ್ದು 1974ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಿಂದ. ಕರ್ತೃಗಳು ಇಬ್ಬರು: ಆ ಊರಿನ ಗ್ಯಾರಿ ಗೈಗ್ಯಾಕ್ಸ್, ಮತ್ತು ನನ್ನ ಮಗಳಿರುವ ಸೀಮೆಯವರೇ ಆದ, ಮಿನ್ನೆಸೋಟದ ಡೇವ್ ಆರ್ನೆಸನ್. ಒಂದು ಪೆಟ್ಟಿಗೆ, ಒಳಗೆ ಮೂರು ಸಣ್ಣ ಪುಸ್ತಿಕೆ, ಬೆಲೆ ಹತ್ತು ಡಾಲರ್, ಮೊದಲ ಮುದ್ರಣ ಸಾವಿರ ಪ್ರತಿ. ಸೈನ್ಯದ ಬೊಂಬೆಗಳನ್ನಿಟ್ಟು ಯುದ್ಧದ ಆಟವಾಡುವವರಿಗಾಗಿ ಬರೆದ ಆ ಪುಸ್ತಿಕೆಗಳು ಅರ್ಧಕ್ಕರ್ಧ ವಿಷಯವನ್ನು ಓದುಗನಿಗೆ ಮೊದಲೇ ತಿಳಿದಿದೆ ಎಂದು ಭಾವಿಸಿ ಮುಂದೆ ಸಾಗುತ್ತವೆ. ಕೆಲವು ಕಡೆ ಬೇರೊಂದು ಆಟದ ಪುಸ್ತಕವನ್ನು ನೋಡಿಕೊಳ್ಳಿ ಎನ್ನುತ್ತವೆ. ಹೀಗಾಗಿ ಆಡಿದ ಪ್ರತಿಯೊಂದು ಕೂಟವೂ ಬಿಟ್ಟ ಸ್ಥಳವನ್ನು ತನ್ನ ಬುದ್ಧಿಯಿಂದ ತುಂಬಿಕೊಳ್ಳಬೇಕಾಯಿತು. ತುಂಬಿಕೊಳ್ಳಿ ಎಂಬ ಅಭಿಪ್ರಾಯವನ್ನೇ ಮೂರನೆಯ ಪುಸ್ತಿಕೆಯ ಕೊನೆಯಲ್ಲಿ ಕರ್ತೃಗಳು ಕೊಟ್ಟಿದ್ದರು. ಅಂದರೆ ಈ ಆಟದ ಓದುಗ ಮೊದಲ ದಿನದಿಂದಲೇ ಸಹಸಂಪಾದಕ. ಕೆಲವು ವರ್ಷಗಳ ಮೇಲೆ, 1977ರಿಂದ 1979ರ ನಡುವೆ, ಗೈಗ್ಯಾಕ್ಸ್ ಅವರೇ ಮೂರು ದಪ್ಪ ಸಂಪುಟಗಳನ್ನು ತಂದು, ಎಲ್ಲ ಕಡೆಯೂ ಒಂದೇ ನಿಯಮ ನಡೆಯುವುದು ಮೇಲು ಎಂದು ವಾದಿಸಿದರು. ಕಾಲ ಮೀರಿತ್ತು. ಮನೆಮನೆಯ ಪಾಠಾಂತರ ಆಗಲೇ ಬೇರೂರಿತ್ತು.

ಮುಂದಿನ ಆವೃತ್ತಿ 1989ರಲ್ಲಿ. ಆ ದಶಕದಲ್ಲಿ ಅಮೆರಿಕದ ಕೆಲವು ಧಾರ್ಮಿಕ ಮನೋಭಾವದ ತಂದೆತಾಯಿಗಳಿಗೆ, ಈ ಆಟದಿಂದ ಮಕ್ಕಳು ಪಿಶಾಚಾರಾಧನೆಗೆ ಬೀಳುತ್ತಾರೆಂಬ ಭಯ ಹುಟ್ಟಿತ್ತು. ಪ್ರಕಾಶಕರು ‘ಡೀಮನ್’, ‘ಡೆವಿಲ್’ ಎಂಬ ಮಾತುಗಳನ್ನೇ ತೆಗೆದುಹಾಕಿದರು. ಬಳಿಕ ಅದೇ ದೈತ್ಯರು ಯಾರೂ ಕೇಳದ ಕಲ್ಪಿತ ಹೆಸರುಗಳನ್ನು ಹೊತ್ತು ಹಿಂದಿರುಗಿದರು. 2000ದ ಆವೃತ್ತಿಯಲ್ಲಿ ಹಳೆಯ ಹೆಸರುಗಳೇ ಮರಳಿದವು. ಇಲ್ಲಿ ಗಮನಿಸತಕ್ಕ ಸಂಗತಿ, ದೈತ್ಯರ ಬಲಾಬಲವೇ ಬದಲಾಯಿತೆಂಬುದಲ್ಲ, ಹೆಸರು ಹೋಯಿತೆಂದು ಜನ ನೊಂದರು ಎಂಬುದು. ನಿಯಮದ ಆಟವೆಂದು ಹೊರಗಿನಿಂದ ನೋಡಿದವರಿಗೆ ಕಾಣುವುದು ಒಳಗಿನವರಿಗೆ ಹೆಸರುಗಳ ಆಟವೂ ಹೌದು.

2000ದ ಆ ಆವೃತ್ತಿ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಇಲ್ಲಿ ಹೇಳಬೇಕು. ಹಳೆಯ ಪುಸ್ತಕಗಳಲ್ಲಿ ಕವಚದ ಅಂಕ ಕಡಿಮೆಯಾದಷ್ಟೂ ಕವಚ ಗಟ್ಟಿ. ಸೊನ್ನೆಗಿಂತ ಕೆಳಗಿಳಿದರೆ ಇನ್ನೂ ಗಟ್ಟಿ. ಏಟು ತಗುಲಿತೇ ಇಲ್ಲವೇ ಎಂದು ತಿಳಿಯಲು ಕೋಷ್ಟಕ ನೋಡಬೇಕು, ಇಲ್ಲವೆ ಕಳೆಯುವ ಲೆಕ್ಕ ಮಾಡಬೇಕು. ಹೊಸ ಆವೃತ್ತಿ ಇದನ್ನು ನೆಟ್ಟಗೆ ಮಾಡಿತು. ಅಂಕ ಹೆಚ್ಚಿದಷ್ಟೂ ಕವಚ ಗಟ್ಟಿ. ದಾಳ ಹಾಕು, ಕೂಡು, ಎದುರಿನ ಅಂಕವನ್ನು ಮುಟ್ಟಿದರೆ ಏಟು ಬಿತ್ತು. ಇಂಥ ತಿದ್ದುಪಾಟಿಗೆ ಹೆಚ್ಚಿನವರು ಸಂತೋಷದಿಂದಲೇ ಒಗ್ಗಿಕೊಂಡರು. ಏಕೆಂದರೆ ತಲೆಕೆಳಗಾದ ಆ ಲೆಕ್ಕದಲ್ಲಿ ಯಾರ ನೆನಪೂ ಸಿಕ್ಕಿಕೊಂಡಿರಲಿಲ್ಲ. ಅದೊಂದು ಸುಂಕ; ಸುಂಕ ಇಳಿದರೆ ಅಳುವವರು ಯಾರು? ಅದೇ ವರ್ಷ ಹೊಸ ಪ್ರಕಾಶಕರು (ಹಳೆಯ ಸಂಸ್ಥೆಯನ್ನು 1997ರಲ್ಲಿ ‘ವಿಜರ್ಡ್ಸ್ ಆಫ್ ದಿ ಕೋಸ್ಟ್’ ಕೊಂಡುಕೊಂಡಿತ್ತು) ಆಟದ ಮೂಲ ನಿಯಮಗಳನ್ನು ಇತರರೂ ಬಳಸಿ ಪುಸ್ತಕ ಬರೆಯಬಹುದೆಂಬ ಪರವಾನಗಿಯನ್ನೂ ಕೊಟ್ಟರು. ಮೂರೇ ವರ್ಷಕ್ಕೆ, 2003ರಲ್ಲಿ, ಮೂರೂವರೆಯನೆಯ ಆವೃತ್ತಿ ಎಂಬ ವಿಚಿತ್ರ ಹೆಸರಿನಲ್ಲಿ ಅವೇ ಪುಸ್ತಕಗಳನ್ನು ತಿದ್ದಿ ಮತ್ತೆ ಮಾರಿದಾಗ, ಮೊದಲೇ ಕೊಂಡಿದ್ದವರು ಗೊಣಗಿದ್ದು ಸಹಜ.

ನಿಜವಾದ ಬಿರುಕು ಬಿದ್ದದ್ದು 2008ರಲ್ಲಿ. ಆ ಮಾರ್ಚ್‌ನಲ್ಲಿ ಗೈಗ್ಯಾಕ್ಸ್ ತೀರಿಕೊಂಡಿದ್ದರು. ಜೂನ್‌ನಲ್ಲಿ ನಾಲ್ಕನೆಯ ಆವೃತ್ತಿ ಹೊರಬಂತು. ಸರಳತೆ, ಸಮತೂಕ ಇವೇ ಬೇಕಾದದ್ದೆಂದು ಆಟಗಾರರು ಹೇಳಿದ್ದು ನಿಜವಾಗಿದ್ದರೆ ಇದಕ್ಕಿಂತ ಜನಪ್ರಿಯವಾದ ಆವೃತ್ತಿ ಇರಬಾರದಾಗಿತ್ತು. ವೀರನಿಗೂ ಮಾಂತ್ರಿಕನಿಗೂ ಇದ್ದ ತಾರತಮ್ಯವನ್ನು ಅದು ಹೋಗಲಾಡಿಸಿತು. ಎಲ್ಲರಿಗೂ ಒಂದೇ ಮಾದರಿಯ ಶಕ್ತಿಗಳು: ಕೆಲವನ್ನು ಎಷ್ಟು ಸಲವಾದರೂ ಬಳಸಬಹುದು, ಕೆಲವನ್ನು ಒಂದು ಕಾಳಗಕ್ಕೆ ಒಮ್ಮೆ, ಕೆಲವನ್ನು ದಿನಕ್ಕೆ ಒಮ್ಮೆ. ಸೂತ್ರಧಾರನ ಸಿದ್ಧತೆಯ ಹೊರೆಯೂ ಇಳಿಯಿತು. ರಚನೆಯ ದೃಷ್ಟಿಯಿಂದ ಅಚ್ಚುಕಟ್ಟಾದ ಕೃತಿ. ಅದನ್ನು ಇಂದಿಗೂ ಮೆಚ್ಚಿ ಆಡುವವರಿದ್ದಾರೆ. ಆದರೆ ಬಹುಮಂದಿ ಹಳೆಯ ಆಟಗಾರರು ಪುಸ್ತಕ ತೆರೆದು ‘ಇದು ನಮ್ಮ ಆಟವಲ್ಲ’ ಎಂದರು. ಮಾಂತ್ರಿಕನು ಬೆಳಿಗ್ಗೆ ಮಂತ್ರಗಳನ್ನು ಕಂಠಸ್ಥ ಮಾಡಿ, ಪ್ರಯೋಗಿಸಿದೊಡನೆ ಮರೆತುಬಿಡುವ ಪದ್ಧತಿಯೊಂದಿತ್ತು. ಅದು ಜ್ಯಾಕ್ ವ್ಯಾನ್ಸ್ ಎಂಬ ಲೇಖಕರ 1950ರ ಕಥಾಸಂಕಲನದಿಂದ ಬಂದದ್ದು. ತರ್ಕಕ್ಕೆ ಅಷ್ಟಾಗಿ ನಿಲ್ಲದ, ಆಡಲೂ ತೊಡಕಾದ ಪದ್ಧತಿ. ಹೊಸ ಆವೃತ್ತಿ ಅದನ್ನು ಬಹುಪಾಲು ಕೈಬಿಟ್ಟಿತು; ಆ ತೊಡಕಿಗಾಗಿಯೇ ಜನ ಹಂಬಲಿಸಿದರು. ನೋಮ್ ಎಂಬ ಕುಬ್ಜ ಕುಲವೊಂದಿತ್ತು. ಅದನ್ನು ಆಟಗಾರರ ಮೊದಲ ಪುಸ್ತಕದಿಂದ ತೆಗೆದು ರಾಕ್ಷಸಮೃಗಗಳ ಪುಸ್ತಕದಲ್ಲಿ ಕೂಡಿಸಿದರು. ಮುಂದಿನ ವರ್ಷವೇ ಅದನ್ನು ಮರಳಿ ಕರೆತಂದರು. ಆದರೂ ಹತ್ತು ವರ್ಷ ನೋಮ್ ಆಗಿ ಮಾತನಾಡಿದವನಿಗೆ, ನೀನು ಈಗ ಮೃಗಗಳ ಪಟ್ಟಿಯಲ್ಲಿದ್ದೀ ಎಂದರೆ ಹೇಗಾಗಬೇಡ!

ಇದನ್ನು ಕೇಳಿದಾಗ ನನಗೆ ನೆನಪಾದದ್ದು ಮಹಾಭಾರತದ ಸಂಶೋಧಿತ ಆವೃತ್ತಿ. ಪುಣೆಯ ಭಂಡಾರ್‌ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ವಿದ್ವಾಂಸರು 1919ರಲ್ಲಿ ಆರಂಭಿಸಿ 1966ರಲ್ಲಿ ಮುಗಿಸಿದ ಆ ಮಹಾಕಾರ್ಯಕ್ಕೆ ತಲೆಬಾಗದವರಿಲ್ಲ. ಆದರೆ ವ್ಯಾಸರು ಹೇಳಿ ಗಣಪತಿ ಬರೆದ ಪ್ರಸಂಗವು ಮೂಲಪಾಠದಲ್ಲಿಲ್ಲ, ಅನುಬಂಧಕ್ಕೆ ಹೋಗಿದೆ ಎಂದು ತರಗತಿಯಲ್ಲಿ ನಾನು ಹೇಳಿದ ಪ್ರತಿವರ್ಷವೂ ಒಬ್ಬ ವಿದ್ಯಾರ್ಥಿಯ ಮುಖವಾದರೂ ಬಾಡುತ್ತಿತ್ತು. ‘ಹಾಗಾದರೆ ಗಣಪತಿ ಬರೆಯಲೇ ಇಲ್ಲವೆ, ಸಾರ್?’ ಶಾಸ್ತ್ರದ ಪ್ರಕಾರ ನಾನು ಕೊಟ್ಟ ಉತ್ತರ ಸರಿಯಾದದ್ದೇ. ಆದರೆ ಆ ಪ್ರಶ್ನೆ ಶಾಸ್ತ್ರದ್ದಾಗಿರಲಿಲ್ಲ ಎಂಬುದು ಈಗ ಹೊಳೆಯುತ್ತದೆ.

2008ರ ಅತೃಪ್ತರು ಸುಮ್ಮನೆ ಕೂರಲಿಲ್ಲ. ಆಟದ ಎರಡು ಮಾಸಪತ್ರಿಕೆಗಳನ್ನು 2007ರವರೆಗೆ ಹೊರತರುತ್ತಿದ್ದ ‘ಪೈಜೊ’ ಎಂಬ ಸಂಸ್ಥೆ, 2000ದ ಪರವಾನಗಿಯನ್ನು ಆಧಾರ ಮಾಡಿಕೊಂಡು, ಹಳೆಯ ನಿಯಮಗಳನ್ನೇ ತಿದ್ದಿ 2009ರಲ್ಲಿ ‘ಪಾತ್‌ಫೈಂಡರ್’ ಎಂಬ ಬೇರೆ ಹೆಸರಿನಿಂದ ಪ್ರಕಟಿಸಿತು. ಜನ ಗುಂಪುಗುಂಪಾಗಿ ಅತ್ತ ನಡೆದರು. ಇನ್ನೂ ಕೆಲವರು ಮತ್ತಷ್ಟು ಹಿಂದಕ್ಕೆ ಹೋಗಿ, 1970ರ ದಶಕದ ನಿಯಮಗಳನ್ನೇ ಹೊಸ ಮಾತುಗಳಲ್ಲಿ ಬರೆದು ಹಂಚಿದರು. ಹೊಸತನ್ನು ಕೇಳಿದ ಜನ ಹಳೆಯದನ್ನು ಕೊಂಡರು!

ಈ ಏಟಿನಿಂದ ಪಾಠ ಕಲಿತ ಪ್ರಕಾಶಕರು ಐದನೆಯ ಆವೃತ್ತಿಯ ಕರಡನ್ನು 2012ರಿಂದ ಆಟಗಾರರ ಕೈಗೇ ಕೊಟ್ಟು ಆಡಿಸಿ ನೋಡಿದರು. ಪರೀಕ್ಷಿಸಿದವರು ಒಂದು ಲಕ್ಷ ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಎಂದು 2014ರ ಪುಸ್ತಕದಲ್ಲಿಯೇ ಅಚ್ಚಾಗಿದೆ. ಬಹುಮತದಿಂದ ಪಾಠನಿರ್ಣಯ ಮಾಡಬಾರದು, ಹತ್ತು ಕೆಟ್ಟ ಪ್ರತಿಗಳಿಗಿಂತ ಒಂದು ಒಳ್ಳೆಯ ಪ್ರತಿ ಮೇಲು ಎಂದು ಪಾಠ ಹೇಳಿದವನು ನಾನು. ಈ ಕ್ರಮವನ್ನು ಕೇಳಿ ಮೊದಲು ಮೂಗು ಮುರಿದೆ. ಆದರೆ ಫಲವನ್ನು ನೋಡಿದರೆ ಒಪ್ಪಬೇಕಾಗುತ್ತದೆ. ಕುಬ್ಜರು ಬಂದರು, ಕಲಿತ ಮಂತ್ರದ ಪದ್ಧತಿ ಮೃದುವಾದ ರೂಪದಲ್ಲಿ ಬಂತು, ಎಲ್ಲ ಕಾಲದ ಆಟಗಾರರಿಗೂ ತಮ್ಮ ಮನೆಯ ಒಂದು ಕಂಬವಾದರೂ ಅಲ್ಲಿ ಕಂಡಿತು. ಹೊಸದಾಗಿ ಸೇರಿಸಿದ ಮುಖ್ಯ ನಿಯಮವೆಂದರೆ ಇದು. ಸಂದರ್ಭ ಅನುಕೂಲವಾಗಿದ್ದರೆ ಎರಡು ದಾಳ ಹಾಕಿ ಹೆಚ್ಚಿನದನ್ನು ಹಿಡಿ. ಪ್ರತಿಕೂಲವಾಗಿದ್ದರೆ ಕಡಿಮೆಯದನ್ನು ಹಿಡಿ. ನಾಲ್ಕು ಕೂಡುವ, ಎರಡು ಕಳೆಯುವ ಹಳೆಯ ಗೊಂದಲದ ಬಹುಭಾಗವನ್ನು ಅದು ತೊಳೆದುಹಾಕಿತು. ಎಂಟು ವರ್ಷದ ಮಗುವಿಗೂ ಒಂದೇ ಸಲಕ್ಕೆ ಅರ್ಥವಾಗುತ್ತದೆ. ನನಗೆ ಎರಡು ಸಲ ಬೇಕಾಯಿತು.

ಇನ್ನು ಮಿನ್ನೆಸೋಟದ ಆ ನೆಲಮಾಳಿಗೆಗೆ ಬರೋಣ. ಆಟ ಹುಟ್ಟಿ ಐವತ್ತು ವರ್ಷವಾದ 2024ರಲ್ಲಿ ಪುಸ್ತಕಗಳನ್ನು ಮತ್ತೆ ಪರಿಷ್ಕರಿಸಿದರು. ಆಟಗಾರರ ಪುಸ್ತಕ ಸೆಪ್ಟೆಂಬರ್‌ನಲ್ಲಿ ಬರಲಿತ್ತು. ಅದಕ್ಕೂ ಎರಡು ವರ್ಷದಿಂದ ಕರಡುಗಳು ಹೊರಬರುತ್ತಿದ್ದವು. ಡ್ರೂಯಿಡ್ ಎಂಬ ವನಪುರೋಹಿತನು ಕರಡಿಯೋ ತೋಳವೋ ಆಗಿ ರೂಪ ತಾಳುವಾಗ, ಆಯಾ ಮೃಗದ ಬೇರೆ ಬೇರೆ ಅಂಕಗಳ ಬದಲು ಎಲ್ಲಕ್ಕೂ ಒಂದೇ ಸಾಮಾನ್ಯ ಅಚ್ಚು ಸಾಕು ಎಂದು 2023ರ ಒಂದು ಕರಡು ಸೂಚಿಸಿತ್ತು. ಪುಟ ಹುಡುಕುವ ಕಷ್ಟ ಎಷ್ಟೋ ತಪ್ಪುತ್ತಿತ್ತು. ಆಟಗಾರರು ಬೇಡವೆಂದರು, ಕರಡಿ ಕರಡಿಯಾಗಿಯೇ ಇರಬೇಕಂತೆ. ಅದೇ ವರ್ಷದ ಜನವರಿಯಲ್ಲಿ 2000ದ ಪರವಾನಗಿಯನ್ನು ಬಿಗಿಗೊಳಿಸುವ ಒಂದು ಕರಡು ಸೋರಿ ಹೊರಬಿದ್ದು ದೊಡ್ಡ ಕೋಲಾಹಲವಾಗಿ, ತಿಂಗಳು ಮುಗಿಯುವುದರೊಳಗೆ ಪ್ರಕಾಶಕರು ಹಿಂದೆ ಸರಿದು, 2014ರ ಮೂಲ ನಿಯಮಗಳ ಸಾರವನ್ನು ಮತ್ತೆ ಹಿಂತೆಗೆದುಕೊಳ್ಳಲಾಗದಂತೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದರು. ಕೂಟಗಳು ಎಚ್ಚತ್ತೇ ಇದ್ದವು.

ನನ್ನ ಮೊಮ್ಮಗ ಮೂರು ವರ್ಷದಿಂದ ಒಬ್ಬ ಮಾಂತ್ರಿಕ. ಎದುರು ಕುಳಿತ ಹುಡುಗಿ ಸಂನ್ಯಾಸಿನಿ, ಬರಿಗೈಯಲ್ಲಿ ಕಾದಾಡುವವಳು. ಸೂತ್ರಧಾರರು ಪಕ್ಕದ ಬೀದಿಯ ಒಬ್ಬ ಗೃಹಸ್ಥರು, ಐವತ್ತು ದಾಟಿದವರು. ಅಣ್ಣನಿಂದ ಬಂದ 1978ರ ಪುಸ್ತಕವನ್ನು ಇಂದಿಗೂ ಹತ್ತಿರ ಇಟ್ಟುಕೊಂಡಿರುತ್ತಾರೆ. ಹುಡುಗಿಗೆ ಹೊಸ ಆವೃತ್ತಿ ಬೇಕೇ ಬೇಕು. 2014ರ ಪುಸ್ತಕದಲ್ಲಿ ಸಂನ್ಯಾಸಿಯ ಪಾತ್ರ ದುರ್ಬಲವೆಂಬುದು ಹಲವರ ದೂರು. ಹೊಸ ಪುಸ್ತಕ ಅದನ್ನು ಬಲಪಡಿಸಿತ್ತು. ‘ಮೂರು ವರ್ಷ ನಾನು ಹಿಂದೆ ನಿಂತು ನೋಡಿದ್ದೇನೆ’ ಎಂದಳು ಆ ಮಗು. ಅವಳ ಮಾತಿನಲ್ಲಿ ನ್ಯಾಯವಿತ್ತು. ಮೊಮ್ಮಗನಿಗೆ ಹೊಸತು ಬೇಡ. ಅವನ ಪಾತ್ರದ ಹಾಳೆ ಕಾಗದದ ಮೇಲೆ ಇರಲಿಲ್ಲ. ಪ್ರಕಾಶಕರ ಗಣಕಯಂತ್ರ ವ್ಯವಸ್ಥೆಯಲ್ಲಿತ್ತು. ಹೊಸ ಪುಸ್ತಕ ಬಂದೊಡನೆ ಆ ಹಾಳೆಗಳಲ್ಲಿರುವ ಹಳೆಯ ಮಂತ್ರಗಳ ಜಾಗದಲ್ಲಿ ಹೊಸ ರೂಪಗಳು ಬಂದು ಕೂರುತ್ತವೆಂದು ಆ ಆಗಸ್ಟ್‌ನಲ್ಲಿ ಪ್ರಕಟಣೆ ಬಂತು. ಹುಡುಗ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಮರುದಿನ ನನ್ನ ಬಳಿ ಬಂದು, ‘ಅಜ್ಜ, ಕಾಪಿ ಮಾಡ್ಲಿಕ್ಕೆ ಹೆಲ್ಪ್ ಮಾಡ್ತೀರಾ?’ ಎಂದ. ಗೆರೆಹಾಕಿದ ಕಾಗದ ತಂದ. ಪರದೆಯನ್ನು ನೋಡಿ ನಾನು ಓದುವುದು, ಅವನು ಬರೆಯುವುದು. ಅವನಿಗೆ ಕನ್ನಡದ ಸಂಖ್ಯೆಗಳು ರೂಢಿಯಾಗಲೆಂದು ಅಂಕಗಳನ್ನು ನಾನು ಕನ್ನಡದಲ್ಲೇ ಓದಿದೆ. ಎರಡು ಸಂಜೆ ಹಿಡಿಯಿತು. ಬರೆಯುತ್ತ ಬರೆಯುತ್ತ ಒಂದೊಂದು ಮಂತ್ರದ ಕಥೆಯನ್ನೂ ಹೇಳಿದ: ಇದರಿಂದ ಸೇತುವೆಯನ್ನು ಉಳಿಸಿದ್ದು, ಇದು ಕೈಕೊಟ್ಟದ್ದರಿಂದ ಕಳ್ಳ ಗೆಳೆಯ ಸತ್ತದ್ದು. ಹೊಸ ಪುಸ್ತಕದಲ್ಲಿ ಆ ಮಂತ್ರ ಇನ್ನೂ ಪ್ರಬಲವಾಗಿದೆಯಂತಲ್ಲ, ಅದನ್ನು ಏಕೆ ಬೇಡವೆನ್ನುತ್ತೀ ಎಂದು ಕೇಳಿದೆ. ಅವನು ಸ್ವಲ್ಪ ಯೋಚಿಸಿ, ‘ಆಗ ಹಾಗಿದ್ದಿದ್ರೆ ಅವನು ಸಾಯ್ತಿರಲಿಲ್ಲ’ ಎಂದ. ನನಗೆ ಬೇಕಾಗಿದ್ದ ಉತ್ತರ ಅದರಲ್ಲಿತ್ತು. ಆಟಗಾರನು ಹೊಸ ಆವೃತ್ತಿಯಿಂದ ಬಯಸುವುದು ತಾನು ಮೇಜಿನ ಬಳಿ ಆಗಲೇ ಕಟ್ಟಿರುವುದಕ್ಕೆ ಮನ್ನಣೆಯನ್ನು. ಸಂನ್ಯಾಸಿನಿಯಾದ ಹುಡುಗಿ ಬಯಸಿದ್ದೂ ಅದನ್ನೇ. ಅವಳ ಮನಸ್ಸಿನಲ್ಲಿ ಆ ಪಾತ್ರ ಯಾವತ್ತೂ ದುರ್ಬಲಳಾಗಿರಲಿಲ್ಲ. ಪುಸ್ತಕ ಅದನ್ನು ಈಗ ಒಪ್ಪಿಕೊಂಡಿತ್ತು, ಅಷ್ಟೆ. ಇಬ್ಬರ ಬಯಕೆಯೂ ಒಂದೇ ಆದದ್ದರಿಂದಲೇ ಇಬ್ಬರಿಗೂ ಒಂದೇ ಪುಸ್ತಕ ಒಗ್ಗಲಿಲ್ಲ. ಆವೃತ್ತಿಕಾರರ ಪಾಡನ್ನು ನೆನೆದು ನನಗೆ ಕನಿಕರವೇ ಆಯಿತು.

ನಮ್ಮ ನಕಲು ಮುಗಿಯಿತು. ಅಷ್ಟರಲ್ಲಿ, ಪ್ರತಿಭಟನೆ ಜೋರಾದದ್ದರಿಂದ, ಹಳೆಯ ಹಾಳೆಗಳನ್ನು ಮುಟ್ಟುವುದಿಲ್ಲವೆಂದು ಪ್ರಕಾಶಕರು ಕೆಲವೇ ದಿನಗಳಲ್ಲಿ ಮಾತು ಬದಲಾಯಿಸಿದ್ದರು. ಆದರೂ ಹುಡುಗ ಕಾಗದವನ್ನು ಬಿಡಲಿಲ್ಲ. ಸೂತ್ರಧಾರರು ತಮ್ಮ ಹಳೆಯ ಪುಸ್ತಕದ ಮೇಲೆ ಕೈಯಿಟ್ಟುಕೊಂಡು, ಹುಡುಗಿ ಹೊಸ ಪುಸ್ತಕದ ಪ್ರಕಾರ, ಹುಡುಗ ಹಳೆಯ ಕಾಗದದ ಪ್ರಕಾರ, ಒಂದೇ ಮೇಜಿನಲ್ಲಿ ಆಡಲಿ ಎಂದು ತೀರ್ಪು ಕೊಟ್ಟರು. ಹಳೆಯ ಪಾತ್ರವೂ ಹೊಸ ಪಾತ್ರವೂ ಒಟ್ಟಿಗೆ ಆಡಬಹುದೆಂದು ಪ್ರಕಾಶಕರೂ ಹೇಳಿದ್ದರೆನ್ನಿ. ಅವರು ಹೇಳದಿದ್ದರೂ ಇವರ ತೀರ್ಪು ಬೇರೆಯಾಗುತ್ತಿರಲಿಲ್ಲವೆಂದು ನನ್ನ ಊಹೆ.

ನಾನು ಊರಿಗೆ ಮರಳಿದ ಮೇಲೆ, ಡಿಸೆಂಬರ್‌ನಲ್ಲಿ, ಮೊಮ್ಮಗ ದೂರವಾಣಿಯಲ್ಲಿ ಒಂದು ಸುದ್ದಿ ಹೇಳಿದ. ಪರದೆಯ ಹಾಳೆಯೊಡನೆ ಕಾಗದವನ್ನು ಹೋಲಿಸಿದಾಗ ಕವಚದ ಅಂಕ ತಪ್ಪಾಗಿರುವುದು ಕಂಡಿತಂತೆ. ಪರದೆಯಲ್ಲಿದ್ದದ್ದು 14, ನಾನು ‘ಹದಿನಾಲ್ಕು’ ಎಂದದ್ದನ್ನು ಅವನು ‘ಹದಿನಾರು’ ಎಂದು ಕೇಳಿ 16 ಎಂದು ಬರೆದುಬಿಟ್ಟಿದ್ದ. ಅಷ್ಟೂ ಶನಿವಾರ ಆ ಎರಡು ಅಂಕದ ಬಲದಿಂದಲೇ ಎರಡು ಸಲ ಬದುಕಿಕೊಂಡಿದ್ದ. ಪ್ರಾಮಾಣಿಕನಾಗಿ ಮೇಜಿನ ಮುಂದೆ ಒಪ್ಪಿಕೊಂಡನಂತೆ. ತಿದ್ದಬೇಕೆಂದು ಯಾರೂ ಹೇಳಲಿಲ್ಲ. ತಿದ್ದಿದರೆ ಆ ಎರಡು ಕಾಳಗಗಳೂ ಸುಳ್ಳಾಗುತ್ತಿದ್ದವು. ಸತ್ತ ಕಳ್ಳ ಗೆಳೆಯನ ಮೇಲಂಗಿಯನ್ನು ಅವನು ಅಂದಿನಿಂದ ತೊಟ್ಟುಕೊಂಡಿದ್ದನೆಂದೂ ಅದರ ಒಳಪದರದಲ್ಲಿ ಏನೋ ಹೊಲಿದಿತ್ತೆಂದೂ ಸಂನ್ಯಾಸಿನಿ ಸೂಚಿಸಿದಳಂತೆ. ಏನು ಹೊಲಿದಿತ್ತೆಂಬುದನ್ನು ನಿರ್ಧರಿಸಲು ಅವರಿಗೆ ಒಂದು ಶನಿವಾರವಿಡೀ ಹಿಡಿಯಿತು.